ಹದಿನಾಲ್ಕನೇ ವಯಸ್ಸಿನಲ್ಲಿ ಓದಿದ ಕಾದಂಬರಿಯ ಮರುಓದು: ನಾನು ಅನುಸರಿಸುವ ಕ್ರಮ

ಪುಸ್ತಕ ಬಿಡಿಸುವ ಮೊದಲು ಒಂದು ಖಾಲಿ ಹಾಳೆ ಬೇಕು. ಹತ್ತು ನಿಮಿಷ ಕೂತು ನೆನಪಿದ್ದಷ್ಟನ್ನೂ ಅದರಲ್ಲಿ ಬರೆಯುತ್ತೇನೆ: ಕತೆ, ಕೊನೆ, ಕತೆಯ ಅಪ್ಪ-ಅಮ್ಮ ಏನು ಕೆಲಸ ಮಾಡುತ್ತಿದ್ದರು, ಯಾವ ದೃಶ್ಯಕ್ಕೆ ಅಳು ಬಂತು. ಹಿಂಬದಿಯ ರಕ್ಷಾಪುಟದ ನಾಲ್ಕು ಸಾಲನ್ನೂ ಅದಕ್ಕೆ ಮುಂಚೆ ಓದಬಾರದು. ಓದಿದರೆ, ಮರೆತದ್ದೂ ಮೊದಲೇ ನೆನಪಿತ್ತು ಅನ್ನಿಸಿಬಿಡುತ್ತದೆ, ಹಾಳೆ ದಂಡ.

ಆಮೇಲೆ ಮುದ್ರಣ ನೋಡುವುದು. ಹೆಚ್ಚಿನವರು ಎಡವುವುದು ಇಲ್ಲೇ. ಹದಿಹರೆಯದವರ ಪುಸ್ತಕಗಳನ್ನು ಪ್ರಕಾಶಕರು ಕಾಲಕ್ಕೆ ತಕ್ಕಂತೆ ತಿದ್ದುತ್ತಿರುತ್ತಾರೆ. ಅಮೆರಿಕದ ಕಾದಂಬರಿ ಸರಣಿ ‘ಸ್ವೀಟ್ ವ್ಯಾಲಿ ಹೈ’ 1983ರಲ್ಲಿ ಶುರುವಾದಾಗ ಅದರ ಅವಳಿ ಹುಡುಗಿಯರ ಉಡುಪಿನ ಅಳತೆ ಆರು. 2008ರ ಮರುಮುದ್ರಣದಲ್ಲಿ ಅದು ನಾಲ್ಕಕ್ಕಿಳಿಯಿತು. ಅಮೆರಿಕದ ಲೇಖಕಿ ಜೂಡಿ ಬ್ಲೂಮ್ 1970ರಲ್ಲಿ ಪ್ರಕಟಿಸಿದ, ಮಾರ್ಗರೆಟ್ ಎಂಬ ಹುಡುಗಿಯ ಕತೆಯಲ್ಲಿ ಮುಟ್ಟಿನ ಪ್ಯಾಡಿಗೆ ಬೆಲ್ಟಿತ್ತು, ನಂತರದ ಮುದ್ರಣಗಳಲ್ಲಿ ಅಂಟುವ ಪ್ಯಾಡ್ ಬಂತು. ಹೊಸ ಪ್ರತಿ ಹಿಡಿದು ‘ನನ್ನ ನೆನಪೇ ತಪ್ಪು’ ಅಂದುಕೊಂಡರೆ ಮೋಸ ಹೋದಂತೆ. ಶೀರ್ಷಿಕೆ ಪುಟದ ಬೆನ್ನಿಗಿರುವ ಮುದ್ರಣದ ವರ್ಷ ನೋಡಿ, ಆಗ ಓದಿದ್ದಕ್ಕಿಂತ ಈಚಿನದಲ್ಲದ ಪ್ರತಿ ಹುಡುಕಬೇಕು.

ಹಳೆಯ ಪೇಪರ್‌ಬ್ಯಾಕ್‌ನ ಬೆನ್ನಿನ ಅಂಟು ಒಣಗಿ ಗಾಜಿನಂತಾಗಿರುತ್ತದೆ, ನಡುವೆ ಅಗಲಿಸಿದರೆ ಪಟ್ಟೆಂದು ಸೀಳುತ್ತದೆ. ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ ಮೆಲ್ಲಗೆ ಒತ್ತುತ್ತಾ ನಡುವಿಗೆ ಬನ್ನಿ. ಗುರುತಿಗೆ ಬರೀ ಕಾಗದದ ಚೀಟಿ. ಅಂಟುಚೀಟಿ ಕೀಳುವಾಗ ಅಕ್ಷರವೂ ಜೊತೆಗೆ ಎದ್ದು ಬರಬಹುದು.

ಇನ್ನೂರು ಪುಟದ್ದಾದರೆ ಎರಡೇ ಬೈಠಕ್. ದಿನಕ್ಕೆ ಹತ್ತು ಪುಟದಂತೆ ಎಳೆದರೆ ಒಳಗಿನ ವಿಮರ್ಶಕ ಎದ್ದು ಕೂರುತ್ತಾನೆ, ಭಾಷೆ ಪೇಲವ ಅನ್ನುತ್ತಾನೆ. ಇವು ಒಂದೇ ಉಸಿರಿಗೆಂದು ಬರೆದ ಪುಸ್ತಕಗಳು. ಮೊದಲ ಐವತ್ತು ಪುಟ ಪೆನ್ಸಿಲ್ ಮುಟ್ಟುವುದಿಲ್ಲ. ಆಮೇಲೆ ಕತೆಯ ಅಮ್ಮ ಮಾತಾಡುವ ಕಡೆಯೆಲ್ಲ ಅಂಚಿನಲ್ಲಿ ತೆಳುವಾಗಿ ಒಂದು ಗೀಟು. ಆಗ ಹಾರಿಸಿದ್ದು ಈ ಮಾತುಗಳನ್ನೇ. ಈಗ ಅವಳ ಕಡೆಯೇ ನ್ಯಾಯ ಕಾಣುವುದುಂಟು.

ಮುಗಿದ ಮೇಲೆ, ಮೊದಲು ಬರೆದ ಹಾಳೆಯ ಬಲಬದಿಗೆ ಒಂದೊಂದು ನೆನಪಿನ ಎದುರೂ ಅದರ ಪುಟಸಂಖ್ಯೆ ತುಂಬಬೇಕು. ಸಿಗದ ದೃಶ್ಯಗಳು ಬಹುಪಾಲು ಅದೇ ಸರಣಿಯ ಇನ್ನೊಂದು ಪುಸ್ತಕದವು, ಇಲ್ಲವೇ ಸಿನಿಮಾದವು. ಒಂದಿಡೀ ಅಧ್ಯಾಯವೆಂದು ನೆನಪಿದ್ದ ಮಳೆಯ ರಾತ್ರಿ ಪುಟದ ತಳದಲ್ಲಿ ಮೂರೇ ಸಾಲು ಇರುತ್ತದೆ. ಅಂಥದ್ದರ ಎದುರು ‘3 ಸಾಲು’ ಎಂದಷ್ಟೇ ಬರೆದು, ಹಾಳೆಯನ್ನು ಪುಸ್ತಕದೊಳಗೇ ಇಡುತ್ತೇನೆ.