ಹಳೇ ಅಂಬಾಸಿಡರ್ ಬಿಚ್ಚಿದಾಗ ರಾಕರ್ ಶಾಫ್ಟ್ ಬಿಟ್ಟುಬಿಡಬ್ಯಾಡ್ರಿ

ಪಿಸ್ಟನ್, ರಿಂಗು, ಬೇರಿಂಗು ಎಲ್ಲಾ ಹೊಸದು ಹಾಕ್ತಾರ, ವಾಲ್ವ್ ಒತ್ತೋ ರಾಕರ್ ತೋಳುಗಳು ಆಡೋ ಸರಳು, ಅಂದ್ರ ರಾಕರ್ ಶಾಫ್ಟ್ ಮಾತ್ರ, ಅರಿವಿಯಿಂದ ಒರೆಸಿ ಹಂಗೇ ಕೂಡಿಸ್ತಾರ. ಆಮ್ಯಾಲೆ ಟಕ ಟಕ ಶುರು, ಟ್ಯಾಪೆಟ್ (ರಾಕರು-ವಾಲ್ವ್ ನಡುವಿನ ಸಂದು) ಎಷ್ಟು ಸೆಟ್ ಮಾಡಿದ್ರೂ ಹೋಗಂಗಿಲ್ಲ. ಬಳ್ಳಾರಿಯೊಳಗ ಇದನ್ನ ನೋಡಿ ನೋಡಿ ಸಾಕಾಗೇತಿ. ಹೇಳ್ತಿರೋದು ಹಳೇ 1489 ಸಿಸಿ ಪೆಟ್ರೋಲ್ ಇಂಜಿನ್ನಿಂದು, ಬಿಎಂಸಿ ಬಿ ಸೀರೀಸ್.

ಮೊದಲು ರೇಡಿಯೇಟರ್ ನೀರು ಬಿಡ್ರಿ. ಶಾಫ್ಟ್ ಹೊತ್ತಿರೋ ರಾಕರ್ ಸ್ಟ್ಯಾಂಡಿನ ಎಂಟು ನಟ್ಟಿನಾಗ ನಾಲ್ಕು ಸಿಲಿಂಡರ್ ಹೆಡ್ಡನ್ನೂ ಹಿಡಿದಿರ್ತಾವ, ಅವಷ್ಟನ್ನೇ ಬಿಚ್ಚಿದ್ರ ಹೆಡ್ ಸೊಟ್ಟಾಗಿ ನೀರು ಸಿಲಿಂಡರಿಗೆ ಇಳೀತೈತಿ. ಹೆಡ್ ನಟ್ ಎಲ್ಲಾನೂ ಸ್ವಲ್ಪ ಸ್ವಲ್ಪ ಸಡಿಲ ಮಾಡ್ರಿ.

ಸವೆತ ಇರೋದು ಶಾಫ್ಟಿನ ಕೆಳಮೈಯಾಗ. ಒಂದು ಕಡೆ ಪುಶ್ ರಾಡ್, ಇನ್ನೊಂದು ಕಡೆ ವಾಲ್ವ್ ಸ್ಪ್ರಿಂಗ್, ಎರಡೂ ರಾಕರನ್ನ ಮ್ಯಾಲಕ್ಕೇ ಒತ್ತತಾವ. ಉಗುರು ಎಳೀರಿ, ಮೆಟ್ಟಿಲು ಸಿಕ್ಕರ ಶಾಫ್ಟ್ ಮುಗೀತು. "ಅಣ್ಣಾ, ಉಲ್ಟಾ ಹಾಕೋಣ, ಹೊಸದಿದ್ದಂಗ" ಅಂತಾರ, ಒಪ್ಪಬ್ಯಾಡ್ರಿ, ಎಣ್ಣೆ ತೂತು ಕೆಳಗ ಇರಬೇಕು, ಶಾಫ್ಟ್ ತಿರುಗದಂಗ ಹಿಡಿಯೋ ಲಾಕ್ ಸ್ಕ್ರೂ ಇರೋದೇ ಅದಕ್ಕ.

ಹೊಸ ಶಾಫ್ಟ್ ತಂದ್ರ ತುದಿಯಾಗ ಅರ (ಫೈಲ್) ಎಳೆದು ನೋಡ್ರಿ. ಗಾಜಿನ ಮ್ಯಾಲೆ ಜಾರಿದಂಗ ಜಾರಬೇಕು, ಕಚ್ಚಿದ್ರ ವಾಪಸ್ ಕೊಡ್ರಿ. ಲೇತಿನಾಗ ತಿರುವಿ, ಹಾರ್ಡ್ ಮಾಡದೇ ಮಾರೋ ಸರಕು ಒಮ್ಮೆ ನಾನೂ ತಂದು ಹಾಕಿದ್ದೆ, ಒಂದು ಬ್ಯಾಸಿಗಿ ದಾಟಲಿಲ್ಲ.

ಕೆಲಸ ಕೆಡೋದು ರಾಕರಿನ ತೂತಿನೊಳಗ ಕೂಡೋ ಮೆತ್ತನ ಲೋಹದ ಕೊಳವಿ, ಅಂದ್ರ ಬುಷ್ಷಿನಾಗ. ಹೊಸ ಬುಷ್ ಒತ್ತಿದ ಮ್ಯಾಲೆ ರಾಕರಿನ ಎಣ್ಣೆ ತೂತು ಮುಚ್ಚಿಹೋಗ್ತೈತಿ, ಅದನ್ನ ಮೊದಲು ಡ್ರಿಲ್ ಮಾಡ್ರಿ, ಬುಷ್ಷನ್ನ ಅಳತೆಗೆ ನುಣ್ಣಗ ಕೊರೆಯೋ ರೀಮರ್ ಆಮ್ಯಾಲೆ. ನಮ್ಮವರು ರೀಮ್ ಮಾಡಿ, ಕೂಡಿಸೋ ಹೊತ್ತಿಗೆ ನೆನಪಾಗಿ ಡ್ರಿಲ್ ಹಾಕ್ತಾರ, ಒಳಗ ಏಳೋ ಬರ್ (ಚೂಪು ಅಂಚು) ಶಾಫ್ಟನ್ನ ಕೆರೀತೈತಿ. ಶಾಫ್ಟು ಹತ್ರ ಹತ್ರ 5/8 ಇಂಚು, ಸಂದು ಎರಡು ಥೌ (ಇಂಚಿನ ಸಾವಿರದಾಗ ಎರಡು ಪಾಲು) ದಾಟಬಾರದು. ಎಣ್ಣೆ ಹಚ್ಚಿದ ರಾಕರು ತನ್ನ ಭಾರಕ್ಕ ತಾನೇ ನಿಧಾನ ಬೀಳಬೇಕು, ಅಲ್ಲಾಡಿಸಿದ್ರ ಕಟ ಕಟ ಅನ್ನಬಾರದು. ಟೈಟ್ ಐತಿ ಅಂತ ಎಮರಿ ಪೇಪರ್ ಸುತ್ತಿ ಉಜ್ಜೋದು ಬ್ಯಾಡವೇ ಬ್ಯಾಡ, ಆ ಪುಡಿ ಮೆತ್ತನ ಬುಷ್ಷಿನಾಗ ಸಿಕ್ಕೊಂಡು ಶಾಫ್ಟನ್ನ ತಿಂತಾನೇ ಇರ್ತೈತಿ.

ಹಳೇ ಶಾಫ್ಟ್ ಚಲೋ ಇದ್ರೂ ತುದಿಯ ಪ್ಲಗ್ ಬಿಚ್ಚಿ, ಡೀಸಲ್ ಹಾಕಿ, ಸೈಕಲ್ ಬ್ರೇಕ್ ವೈರ್ ಆಡಿಸ್ರಿ. ಕರೇ ಜಿಗಟು ಬರ್ತೈತಿ ನೋಡ್ರಿ, ಎಣ್ಣೆ ನಿಂತಿದ್ದು ಅದಕ್ಕ. ಗಾಳಿ ಹೊಡೀರಿ. ಎಣ್ಣೆ ಬರೋ ಸ್ಟ್ಯಾಂಡಿನ ತೂತೂ ಹಂಗೇ.

ಕೂಡಿಸೋದು ಬಿಚ್ಚಿದ್ದರ ಉಲ್ಟಾ, ಅಷ್ಟೇ. ಆಯಿಲ್ 20ಡಬ್ಲ್ಯೂ50, ನಮ್ಮ ಬಿಸಿಲಿಗೆ ನಾ ಬ್ಯಾರೆ ಹಾಕಂಗಿಲ್ಲ. ಸ್ಪಾರ್ಕ್ ಪ್ಲಗ್ ತೆಗೆದು, ಕಾಯಿಲ್ ವೈರ್ ಬಿಚ್ಚಿ, ಸ್ಟಾರ್ಟರ್ ತಿರುಗಿಸ್ರಿ, ಎಂಟೂ ರಾಕರಿನಾಗ ಎಣ್ಣೆ ಕಾಣೋ ತನಕ ಇಂಜಿನ್ ಶುರು ಮಾಡಬ್ಯಾಡ್ರಿ. ನಡುವ ಚಹಾಕ್ಕ ಹೋದ್ರ ಮ್ಯಾಲೆ ಅರಿವಿ ಹೊದಿಸಿ ಹೋಗ್ರಿ, ಸಂಡೂರು ಕಡೆಯ ಒಂದು ಅದಿರು ಲಾರಿ ಹಾದ್ರ ಸಾಕು, ಕೆಂಪು ಧೂಳು ಎಣ್ಣೆ ಮ್ಯಾಲೇ ಕೂಡ್ತೈತಿ.