ನಾಯಿಮರಿಗೆ ಗಜ್ಜರಿ, ಕುಂಬಳಕಾಯಿ: ನಾನು ಹಿಡಿದಿರುವ ಚಮಚದ ಲೆಕ್ಕ

ಎಂಟು ವಾರ ತುಂಬದ ಮರಿಗೆ ನಾನು ತರಕಾರಿ ಮುಟ್ಟಿಸುವುದಿಲ್ಲ. ಮನೆಗೆ ತಂದ ಮೊದಲ ವಾರವೂ ಇಲ್ಲ. ಜಾಗ, ನೀರು, ಊಟ ಎಲ್ಲ ಒಮ್ಮೆಲೇ ಬದಲಾದಾಗ ಭೇದಿ ಶುರುವಾದರೆ ಯಾವುದರಿಂದ ಆಯಿತೆಂದು ಹುಡುಕುವುದು ಕಷ್ಟ. ಅದು ಮೊದಲು ತಿನ್ನುತ್ತಿದ್ದುದನ್ನೇ ಮುಂದುವರಿಸಿ, ಮಲ ಗಟ್ಟಿಯಾಗಿ ಬರತೊಡಗಿದ ಮೇಲೆ ಒಂದೊಂದೇ ಶುರು ಮಾಡುತ್ತೇನೆ.

ಮೊದಲು ಸಿಹಿ ಕುಂಬಳಕಾಯಿ. ಸಿಪ್ಪೆ, ಬೀಜ, ನಾರು ತೆಗೆದು ಸಣ್ಣ ಹೋಳು ಮಾಡಿ ಹಬೆಯಲ್ಲಿ ಬೇಯಿಸಬೇಕು. ಉಪ್ಪು, ಎಣ್ಣೆ, ಒಗ್ಗರಣೆ ಏನೂ ಬೇಡ. ಹೋಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೆಣ್ಣೆಯಂತೆ ಹಿಸುಕಿಹೋಗಬೇಕು. ನಡುವೆ ಗಟ್ಟಿ ಸಿಕ್ಕರೆ ಮತ್ತೆ ಒಲೆಗೆ. ಆರಿದ ಮೇಲೆ 3–4 ಕಿಲೋ ತೂಕದ ಮರಿಗೆ ಅರ್ಧ ಟೀ ಚಮಚ, ಅದರ ಊಟದಲ್ಲೇ ಕಲೆಸಿ, ಬೆಳಿಗ್ಗೆ. ಏನಾದರೂ ಏರುಪೇರಾದರೆ ಸಂಜೆಯೊಳಗೆ ಗೊತ್ತಾಗುತ್ತದೆ, ರಾತ್ರಿ ಹನ್ನೆರಡಕ್ಕೆ ಡಾಕ್ಟರನ್ನು ಹುಡುಕುವ ಪಾಳಿ ಬರುವುದಿಲ್ಲ. ಮೂರು ದಿನ ಅದೇ, ಆಮೇಲೆ ಒಂದು ಚಮಚ, ಆಮೇಲೆ ಇನ್ನೊಂದು ತರಕಾರಿ. ಕಲಬುರಗಿಯ ಏಪ್ರಿಲ್‌ನಲ್ಲಿ ಬೇಯಿಸಿದ್ದು ಹೊರಗಿಟ್ಟರೆ ಮಧ್ಯಾಹ್ನಕ್ಕೇ ಹುಳಿ. ಫ್ರಿಜ್‌ನಲ್ಲಾದರೂ ಎರಡು ದಿನಕ್ಕಿಂತ ಹೆಚ್ಚು ಇಡುವುದಿಲ್ಲ.

ಎರಡನೆಯದು ಗಜ್ಜರಿ. ಹಸಿಯದನ್ನು ಕೊಟ್ಟರೆ ಮರುದಿನ ಮಲದಲ್ಲಿ ಕೇಸರಿ ಚೂರು ಹಾಗೇ ಕಾಣುತ್ತವೆ. ರೋಗವೇನಲ್ಲ, ಜೀರ್ಣವಾಗಿಲ್ಲ ಅಷ್ಟೆ. ಬೇಯಿಸಿ ಹಿಸುಕಿದರೆ ಸರಿಹೋಗುತ್ತದೆ. ನಾಣ್ಯದಂತೆ ದುಂಡಗೆ ಹೆಚ್ಚಲೇಬಾರದು, ಗಂಟಲಿಗೆ ಸರಿಯಾಗಿ ಕೂತುಬಿಡುತ್ತದೆ.

ಪ್ರಮಾಣದಲ್ಲಿ ಒಂದು ಮೋಸವಿದೆ. ಊಟದ ಹೊರತಾಗಿ ಕೊಡುವ ತಿನಿಸು ದಿನದ ಕ್ಯಾಲೊರಿಯಲ್ಲಿ ಶೇ. 10 ಮೀರಬಾರದು ಎನ್ನುತ್ತಾರೆ. 4 ಕಿಲೋ ಮರಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು, ಅದರ ಶೇ. 10 ಎಂದರೆ 60. ಆ ಲೆಕ್ಕದಲ್ಲಿ ಬೇಯಿಸಿದ ಗಜ್ಜರಿ ನೂರೈವತ್ತು ಗ್ರಾಂ ದಾಟುತ್ತದೆ. ಅಷ್ಟು ನಾರು ತುಂಬಿದ ಸಣ್ಣ ಹೊಟ್ಟೆಯಲ್ಲಿ ಊಟಕ್ಕೆ ಜಾಗವೆಲ್ಲಿ? ಆದ್ದರಿಂದ ಈ ಗಾತ್ರದ ಮರಿಗೆ ದಿನಕ್ಕೆ ಎಲ್ಲ ಸೇರಿ ಎರಡು ಟೀ ಚಮಚಕ್ಕೆ ನಿಲ್ಲಿಸುತ್ತೇನೆ. ಶಾಖಾಹಾರಿ ಮನೆಗಳಲ್ಲಿ ರೊಟ್ಟಿ, ಬೇಳೆ, ತರಕಾರಿಯಲ್ಲೇ ಮರಿ ಬೆಳೆಸುವ ಆಸೆ ಇರುತ್ತದೆ. ನಾನು ಒಪ್ಪುವುದಿಲ್ಲ. ಮರಿಯ ಆಹಾರದಲ್ಲಿ ನೀರಿನಂಶ ಬಿಟ್ಟು ಕನಿಷ್ಠ ಶೇ. 22ರಷ್ಟು ಪ್ರೋಟೀನ್ ಬೇಕು, ಎಲುಬಿಗೆ ಸುಣ್ಣದಂಶವೂ ಬೇಕು. ಗಜ್ಜರಿ ಎರಡನ್ನೂ ಕೊಡದು.

ಹಣ್ಣು ವಾರಕ್ಕೆ ಎರಡು ಮೂರು ಸಲ ಸಾಕು: ಬೀಜ ತೆಗೆದ ಪಪ್ಪಾಯಿ, ಬೀಜ ಮತ್ತು ನಡುವಿನ ದಿಂಡು ತೆಗೆದ ಸೇಬು, ಬೆರಳ ತುದಿಯಷ್ಟು ಬಾಳೆಹಣ್ಣು. ಬೇಸಿಗೆಯಲ್ಲಿ ಸಿಪ್ಪೆ ಹೆರೆದ ಸೌತೆಕಾಯಿ, ಬೀಜವಿಲ್ಲದ ಕಲ್ಲಂಗಡಿ ತಿರುಳು ಎರಡು ಮೂರು ಚೂರು. ಬೀದರ ಕಡೆಯ ಸೀತಾಫಲ, ಬಾರಿಹಣ್ಣು, ಮಾವಿನ ಗೊರಟೆ ಮರಿಯ ಬಾಯಿಗೆ ಸಿಗದಂತೆ ನೋಡಿಕೊಳ್ಳಬೇಕು. ಬೀಜ ಗಂಟಲಿಗೆ ಸಿಕ್ಕುತ್ತದೆ, ಇಲ್ಲವೇ ಕರುಳಿಗೆ ಅಡ್ಡವಾಗುತ್ತದೆ. ತಿಂದು ಬಿಸಾಕಿದ ಮೆಕ್ಕೆಜೋಳದ ದಿಂಡೂ ಹಾಗೇ.

ನಿಜವಾದ ಅಪಾಯ ಇರುವುದು ಮನೆಯ ಅನ್ನ-ಸಾರಿನಲ್ಲಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಂದರೂ ಒಣಗಿದರೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. "ಚೂರು ಆರಿಸಿ ತೆಗೆದಿದ್ದೀನಿ" ಎಂದರೆ ನಡೆಯದು, ರಸ ಸಾರಿನಲ್ಲೇ ಇಳಿದಿರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ. ಒಂದು ನಾಯಿ ಅರಗಿಸಿಕೊಂಡಷ್ಟೇ ಇನ್ನೊಂದಕ್ಕೆ ವಿಷವಾಗಬಹುದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು 2021ರಿಂದ ಪಶುವೈದ್ಯರು ಹೇಳುತ್ತಿದ್ದಾರೆ. ನಮ್ಮ ಹುಣಸೆಹಣ್ಣಿನ ತುಂಬ ಇರುವುದೂ ಅದೇ ಆಮ್ಲ. ದ್ರಾಕ್ಷಿ ತಿಂದದ್ದು ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪೇ ಇನ್ನೊಂದು ವಿಷವಾಗುತ್ತದೆ. ಎರಡು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿದರೆ ಅವರೇ ವಾಂತಿ ಮಾಡಿಸುತ್ತಾರೆ.

ಹೊಸ ತರಕಾರಿಯಿಂದ ಮಲ ತೆಳ್ಳಗಾದರೆ ಅದನ್ನು ನಿಲ್ಲಿಸಿ ಎರಡು ದಿನ ಹಳೆಯ ಊಟಕ್ಕೇ ಮರಳುತ್ತೇನೆ, ಜೊತೆಗೆ ಒಂದು ಚಮಚ ಕುಂಬಳಕಾಯಿ. ಆದರೆ ಲಸಿಕೆ ಪೂರ್ತಿಯಾಗದ ಮರಿ ಮಂಕಾಗಿ, ವಾಂತಿ ಮಾಡಿ, ಮಲದಲ್ಲಿ ರಕ್ತ ಕಂಡರೆ ಅದು ಪಾರ್ವೊ ಎಂಬ ವೈರಸ್ ರೋಗ ಇರಬಹುದು. ಅದಕ್ಕೆ ಕುಂಬಳಕಾಯಿ ಅಲ್ಲ, ಡ್ರಿಪ್ ಬೇಕು, ಅದೂ ಆ ಹೊತ್ತಿಗೇ.