ಡ್ಯಾಮಿಂದ ಹೊಳಿ ಮೀನಕ್ಕ ಏನಾಗೈತಿ ಅಂತ ನೀವ ಲೆಕ್ಕ ಇಡೋದು ಹೆಂಗ

ನಮ್ಮ ಹಾವೇರಿ ಕಡೆ ಡ್ಯಾಮು, ಮೀನು ಅಂತ ಮಾತು ಬಂತಂದ್ರ ಎರಡ ಥರದ ಮಂದಿ ಸಿಗ್ತಾರ. ಒಬ್ರು "ಡ್ಯಾಮ್ ಆದಮ್ಯಾಲ ಮೀನಾ ಮೀನು, ಕ್ವಿಂಟಲ್‌ಗಟ್ಲೆ ಬರ್ತಾವ" ಅಂತಾರ, ಇನ್ನೊಬ್ರು "ಎಲ್ಲಾ ಹೋದ್ವು ಬಿಡ್ರಿ" ಅಂತಾರ. ಇಬ್ರೂ ಸುಳ್ಳ ಹೇಳಾಕತ್ತಿಲ್ಲ. ತಕ್ಕಡಿ ನೋಡಿದವ ಒಂದು ಹೇಳ್ತಾನ, ಬುಟ್ಟಿಯೊಳಗ ಕೈ ಹಾಕಿ ಯಾವ್ಯಾವ ಜಾತಿ ಬಂದಾವ ಅಂತ ನೋಡಿದವ ಇನ್ನೊಂದು ಹೇಳ್ತಾನ, ಅಷ್ಟ. ಹಂಗಾಗಿ ನೀವು ಲೆಕ್ಕ ಇಡಬೇಕಂದ್ರ ಕೆಜಿ ಬಿಡ್ರಿ, ಮೊದಲ ಜಾತಿ ಎಣಿಸ್ರಿ.

ನಾ ಮಾಡಿದ ತಪ್ಪು ಮೊದಲ ಹೇಳಿಬಿಡ್ತೀನಿ. ಶುರುವಿಗೆ ನಾನೂ ಜಾಣ ಅನ್ಕೊಂಡು ಪ್ಯಾಟಿ ಮೀನು ಮಾರ್ಕೆಟ್ಟಿಗೆ ಹೋಗಿ ವಾರಾ ಬರಕೊಂಡು ಬರ್ತಿದ್ದೆ, ರೋಹು ಇಷ್ಟು, ಕಟ್ಲಾ ಇಷ್ಟು ಅಂತ. ಎರಡ ತಿಂಗಳಾದಮ್ಯಾಲ ಒಬ್ಬಾಕಿ ಮೀನು ಮಾರೋ ಅಕ್ಕ ನಕ್ಕೊಂತ "ತಮ್ಮಾ, ಅವು ಆಂಧ್ರದಿಂದ ಲಾರಿಯೊಳಗ ಬಂದಾವು, ಹೊಳಿ ಮೀನಲ್ಲ" ಅಂದ್ಳು. ಐಸ್ ಹಾಕಿದ ಥರ್ಮಾಕೋಲ್ ಡಬ್ಬಿ ಕಂಡ್ರ ಅಲ್ಲಿ ಪುಸ್ತಕ ತಗೀಬ್ಯಾಡ್ರಿ. ಹೊಳಿ ಮೀನು ಬೇಕಂದ್ರ ಮುಂಜಾನೆ ಹರಗೋಲು ದಂಡಿಗೆ ಬರೋ ಹೊತ್ತಿಗೆ ನೀವೂ ದಂಡಿ ಮ್ಯಾಲ ಇರಬೇಕು, ಬೇರೆ ದಾರಿ ಇಲ್ಲ.

ಎಲ್ಲಿ ನಿಂದರಬೇಕು ಅನ್ನೋದು ಭಾಳ ಮುಖ್ಯ. ಒಂದ ಜಾಗಾದಾಗ ನೋಡಿ ಡ್ಯಾಮಿನ ಬಗ್ಗೆ ಏನೂ ಹೇಳಾಕ ಬರಂಗಿಲ್ಲ. ಕಮ್ಮಿ ಅಂದ್ರ ಮೂರು ಜಾಗಾ ಬೇಕು: ಹಿನ್ನೀರು ಮುಗದು ಹೊಳಿ ಇನ್ನೂ ಹರಿಯೋ ಮ್ಯಾಲಿನ ಕಡೆ ಒಂದು, ನಿಂತ ಹಿನ್ನೀರಿನ್ಯಾಗ ಒಂದು, ಗೋಡೆಯ ಕೆಳಗ ಒಂದು. ಇದರ ಜೋಡಿ ದೊಡ್ಡ ಡ್ಯಾಮ್ ಇಲ್ಲದ ಒಂದು ಉಪನದಿ ಸಿಕ್ರಂತೂ ಬಂಗಾರ, ಯಾಕಂದ್ರ ಅದನ್ನ ಬಾಜೂಕ ಇಟ್ಟ ನೋಡಿದ್ರನ ಫರಕು ಕಾಣ್ತೈತಿ. ನಮಗ ಅದು ಪುಕ್ಕಟೆ ಸಿಕ್ಕೈತಿ ನೋಡ್ರಿ, ಗಳಗನಾಥದಾಗ ವರದಾ ಬಂದು ತುಂಗಭದ್ರಾ ಸೇರ್ತಾಳ. ವರದಾದ ಮ್ಯಾಲ ಸಣ್ಣಪುಟ್ಟ ಬಾಂದಾರ ಅದಾವ ಖರೆ, ದೊಡ್ಡ ಡ್ಯಾಮಿಲ್ಲ. ತುಂಗಭದ್ರಾದ್ದು ಬ್ಯಾರೆ ಕತಿ, ಮ್ಯಾಲ ಗಾಜನೂರು, ಕರೆಂಟ್ ಮಾಡೋ ಲಕ್ಕವಳ್ಳಿ ಭದ್ರಾ ಡ್ಯಾಮ್, ಕೆಳಗ ಮುಂಡರಗಿ ತಾಲೂಕಿನ ಹಮ್ಮಿಗಿ ಬ್ಯಾರೇಜು, ಅದರ ಕೆಳಗ 1953ರಾಗ ಮುಗದ ಹೊಸಪ್ಯಾಟಿ ಡ್ಯಾಮು. ಗಳಗನಾಥದ ದೇವರಿಗೆ ಕೈ ಮುಗದು ಗುಡಿಯಿಂದ ಕೆಳಗ ಇಳದ್ರ ಎರಡೂ ನೀರು ಒಂದ ಕಡೆ ಸಿಗ್ತಾವ.

ಈಗ ಡ್ಯಾಮ್ ಮೀನಕ್ಕ ಏನ ಮಾಡ್ತೈತಿ ಅಂತ ಸ್ವಲ್ಪ ತಿಳ್ಕೊಬೇಕು, ಇಲ್ಲಾಂದ್ರ ಬುಟ್ಟಿ ನೋಡಿದ್ರೂ ಏನೂ ತಿಳಿಯಂಗಿಲ್ಲ. ನಮ್ಮಂಥಾ ಬಿಸಿಲು ದೇಶದ ಹೊಳಿಯೊಳಗ ಭಾಳ ಮೀನು ಮಳಿಗಾಲದ ಹೊಸ ನೀರಿಗೆ ಕಾಯ್ತಾವ. ಕೆಂಪ ನೀರು ಬಂತು, ಹೊಳಿ ಏರ್ತು ಅಂದ್ರ ಹೊಟ್ಟಿ ತುಂಬ ತತ್ತಿ ಇಟ್ಕೊಂಡು ಮ್ಯಾಲ ಹತ್ತತಾವ, ಸಣ್ಣ ಹಳ್ಳದಾಗೂ ನುಗ್ಗತಾವ. ತತ್ತಿ ಬಿಟ್ಟಮ್ಯಾಲ ದೊಡ್ಡ ಗೆಂಡಿ ಜಾತಿ ಮೀನಿನ ತತ್ತಿ, ಮರಿ ನೀರಿನ ಜೋಡಿ ತೇಲ್ಕೊಂತ ಕೆಳಗ ಬರ್ತಾವ. ಡ್ಯಾಮ್ ಕಟ್ಟಿದ್ರ ಮೊದಲನೇದು, ಹತ್ತೋ ದಾರಿ ಬಂದ್. ಎರಡನೇದು, ದೊಡ್ಡ ನೀರನ್ನ ಡ್ಯಾಮ್ ನುಂಗಿಬಿಡ್ತೈತಿ, ಹಂಗಾಗಿ ಕೆಳಗಿನ ಮೀನಕ್ಕ ಮಳಿಗಾಲ ಬಂದಿದ್ದ ಗೊತ್ತಾಗಂಗಿಲ್ಲ. ಮೂರನೇದು ಭಾಳ ಮಂದಿ ಮರಿಯೋದು, ಮ್ಯಾಲಿಂದ ತೇಲಿ ಬಂದ ತತ್ತಿ ನಿಂತ ಹಿನ್ನೀರಿಗೆ ಬಂದ ಕೂಡ್ಲೆ ತಳಕ್ಕ ಇಳದು ರಾಡಿಯೊಳಗ ಸಾಯ್ತಾವ.

ಇದಕ್ಕ "ಮೀನು ಡ್ಯಾಮ್ ದಾಟಿ ಹತ್ತಾಕ ನೀರು ಹರಿಯೋ ಮೆಟ್ಲು ಕಟ್ಟಿದ್ರ ಆತಲ್ರಿ" ಅಂತ ಹೇಳೋರಿಗೆ ನಾ ಒಂದ ಪ್ರಶ್ನೆ ಕೇಳ್ತೀನಿ, ಹತ್ತಿದ್ವು ಅಂತ ಇಟ್ಕೋರಿ, ಮರಿ ಕೆಳಗ ಹೆಂಗ ಬರ್ತಾವ? ಆ ಮೆಟ್ಲು ಥಂಡಿ ದೇಶದ ಸಾಲ್ಮನ್ ಮೀನಿಗೆ ಅಂತ ಮಾಡಿದ್ದು, ಅದು ಜಿಗಿಯೋ ಮೀನು. ಥೈಲ್ಯಾಂಡಿನ ಪಾಕ್ ಮೂನ್ ಡ್ಯಾಮಿಗೆ ಅಂಥಾ ಮೆಟ್ಲು ಇದ್ರೂ, 1994ರಾಗ ಡ್ಯಾಮ್ ಆಗೋ ಮೊದಲ ಆ ಹೊಳಿಯೊಳಗ 265 ಜಾತಿ ಬರದಿದ್ರು, ಆದಮ್ಯಾಲ ಡ್ಯಾಮಿನ ಮ್ಯಾಲಿನ ಕಡೆ ಸಿಕ್ಕಿದ್ದು 96. ಇಲ್ಲೂ ನೋಡ್ರಿ, ಮೊದಲಿನ ಜಾತಿ ಪಟ್ಟಿ ಇದ್ದದ್ದಕ್ಕ ಇದು ಗೊತ್ತಾತು, ಬರೇ ಕೆಜಿ ಬರದಿದ್ರ ಯಾರೂ ನಂಬತಿದ್ದಿಲ್ಲ.

ಸಮುದ್ರದಿಂದ ಹತ್ತೋ ಮೀನಿಂದೂ ಇದ ಹಣೆಬರಹ. ಹಿಲ್ಸಾ ಮೀನು ಗಂಗಾದಾಗ ಅಲಹಾಬಾದ್ ತನಕ ಹೋಗ್ತಿತ್ತು, 1975ರ ಫರಕ್ಕಾ ಬ್ಯಾರೇಜ್ ಆದಮ್ಯಾಲ ಆ ಹಾದಿ ಮುಗೀತು. ಡ್ಯಾಮ್ ಉಲ್ಟಾನೂ ಮಾಡ್ತೈತಿ. ಬ್ರೆಜಿಲ್ ಪರಾಗ್ವೆ ನಡುವಿನ ಇತೈಪು ಡ್ಯಾಮಿಗೆ 1982ರಾಗ ನೀರು ತುಂಬಿದಾಗ ಒಂದು ದೊಡ್ಡ ಜಲಪಾತನ ಮುಳುಗಿ ಹೋತು, ಆ ಜಲಪಾತ ಕೆಳಗಿನ ಮೀನಕ್ಕ ಗೋಡೆ ಇದ್ದಂಗಿತ್ತು, ಅದು ಮುಳುಗಿದ್ದಕ್ಕ ಕೆಳಗಿನ ಜಾತಿ ಎಷ್ಟೋ ಮ್ಯಾಲ ಹೋಗಿ ಸೇರಕೊಂಡ್ವು. ಹಂಗಾಗಿ ಮ್ಯಾಲಿನ ಕಡೆ ಹೊಸ ಮೀನು ಕಂಡ್ರ ಖುಷಿ ಪಡಬ್ಯಾಡ್ರಿ, ಎಲ್ಲಿಂದ ಬಂತು ಅಂತ ಬರೀರಿ.

ಬರಿಯೋದು ಹೆಂಗ ಅಂದ್ರ, ಪ್ರತಿ ಸಲ ಅದ ಬಲಿ, ಅದ ಅಳತಿಯ ಬಲಿ ಕಣ್ಣು, ಅಷ್ಟ ತಾಸು. ಇವತ್ತ ಸಣ್ಣ ಕಣ್ಣಿನ ಬಲಿಯೊಳಗ ಬಂದಿದ್ದನ್ನ ನಾಳೆ ದೊಡ್ಡ ಕಣ್ಣಿನ ಬಲಿ ಜೋಡಿ ಹೋಲಿಸಿದ್ರ ಆ ಲೆಕ್ಕ ಒಲೀಗೆ ಹಾಕಾಕ ಲಾಯಕ್ಕು. ಹಂಗಾಗಿ ಒಬ್ಬ ಅಂಬಿಗ ಅಣ್ಣನ್ನ ದೋಸ್ತ ಮಾಡ್ಕೋರಿ, ಅವರದ ಒಂದ ಬಲಿಯ ಲೆಕ್ಕ ಇಡ್ರಿ. ಪ್ರತಿ ಜಾತಿ ಎಷ್ಟ ಬಂತು, ದೊಡ್ಡದರ ಉದ್ದ ಎಷ್ಟು, ಹೊಟ್ಟಿಯೊಳಗ ತತ್ತಿ ಐತೋ ಇಲ್ಲೋ. ಕೆಳಗ ಸ್ಕೇಲ್ ಇಟ್ಟು ಒಂದ ಫೋಟೋ ಹೊಡೀರಿ, ಬಾಯಿ ಕಾಣೋ ಹಂಗ, ರೆಕ್ಕಿ ಬಿಡಿಸಿ. ಹೆಸರು ಗೊತ್ತಾಗಲಿಲ್ಲಂದ್ರ ಊರವರು ಕರಿಯೋ ಹೆಸರ ಬರೀರಿ, ಆಮ್ಯಾಲ ಮೀನಿನ ಮಾಹಿತಿ ಇರೋ ಫಿಶ್‌ಬೇಸ್ ವೆಬ್‌ಸೈಟ್‌ನ್ಯಾಗ ಹುಡುಕಿದ್ರಾತು. ಒಂದ ಮೀನಕ್ಕ ಗುತ್ತಲದಾಗ ಒಂದ ಹೆಸರು, ಹೊಳಿ ದಾಟಿದ್ರ ಇನ್ನೊಂದು. ವರ್ಷಕ್ಕ ನಾಕು ಸಲ ಸಾಕು: ಮೇ ತಿಂಗಳ ಬ್ಯಾಸಗಿ, ಮೊದಲ ಹೊಸ ನೀರು, ದೀಪಾವಳಿ ಹೊತ್ತು, ಜನವರಿ. ಹೊಸ ನೀರಿನ ಸಲ ಮಾತ್ರ ತಪ್ಪಿಸಬ್ಯಾಡ್ರಿ.

ಪಟ್ಟಿ ಬಂದಮ್ಯಾಲ ಮೀನನ್ನ ಗುಂಪು ಮಾಡ್ರಿ. ಹರಿಯೋ ನೀರು ಬೇಕನ್ನೋವು, ಬಾಯಿ ಕೆಳಗ ಇದ್ದು ಕಲ್ಲಿನ ಪಾಚಿ ಕೆರಕೊಂಡು ತಿನ್ನೋ ಗಾರಾ ಜಾತಿ, ಮಹಶೀರ್ ಇಂಥಾವು. ದೂರ ತಿರಗೋವು, ಲೇಬಿಯೊ ಫಿಂಬ್ರಿಯೇಟಸ್, ಕೋಲಸ್, ಸಿಲೋನಿಯಾದಂಥಾವು. ಎಲ್ಲಿ ಬಿಟ್ರೂ ಬದುಕೋವು, ಇದರಾಗ ನಂಬರ್ ಒನ್ ಜಿಲೇಬಿ ಮೀನು, ಅಂದ್ರ ತಿಲಾಪಿಯಾ. 1952ರಾಗ ನಮ್ಮ ದೇಶಕ್ಕ ತಂದದ್ದು, ಅದು ತತ್ತಿನ ಬಾಯಾಗ ಇಟ್ಕೊಂಡು ಮರಿ ಮಾಡ್ತೈತಿ, ಅದಕ್ಕ ಪ್ರವಾಹನೂ ಬ್ಯಾಡ, ಹಳ್ಳನೂ ಬ್ಯಾಡ, ನಿಂತ ನೀರ ಸಾಕು. ಕಡೀದು, ಮರಿ ತಂದು ಬಿಡೋ ಕಟ್ಲಾ, ರೋಹು, ಮೃಗಾಲ್. ಇವನ್ನ ಬ್ಯಾರೆನ ಬರೀರಿ, ಯಾಕಂದ್ರ ಹಿನ್ನೀರಿನ ಆ ಕ್ವಿಂಟಲ್ ಲೆಕ್ಕದಾಗ ಇವ ದೊಡ್ಡ ಪಾಲು, ಮರಿ ಬಿಡೋದು ನಿಲ್ಲಿಸಿದ್ರ ಎಷ್ಟ ಉಳೀತಾವ ಅನ್ನೋದು ಬ್ಯಾರೆ ಪ್ರಶ್ನೆ. ಮತ್ತ ಒಂದು, ಹೊಸ ಡ್ಯಾಮಿನ್ಯಾಗ ಮೊದಲ ಕೆಲವು ವರ್ಷ ಮೀನು ಉಕ್ಕತಾವ, ಮುಳುಗಿದ ಗಿಡಗಂಟಿ ಹೊಲಾ ಕೊಳತು ಗೊಬ್ಬರ ಆಗಿರತೈತಿ, ಅದು ಮುಗದಮ್ಯಾಲ ಇಳೀತಾವ. ಆ ಉಕ್ಕು ನೋಡಿ ಪೇಪರ್‌ನ್ಯಾಗ ಹಾಕ್ಸಬ್ಯಾಡ್ರಿ.

ವಯಸ್ಸಾದವರನ್ನ ಕೇಳೋದು ಬಿಡಬ್ಯಾಡ್ರಿ, ಆದ್ರ ಕೇಳೋ ರೀತಿ ಐತಿ. "ಅಜ್ಜಾರ, ಮೀನು ಕಡಿಮಿ ಆಗ್ಯಾವೇನ್ರಿ?" ಅಂದ್ರ "ಹೂಂ ತಮ್ಮಾ, ಎಲ್ಲಾ ಕೆಟ್ಟ ಹೋತು" ಅಂತಾರ, ಮುಗೀತು ಮಾತು. ಫೋಟೋ ತೋರಿಸಿ "ಈ ಮೀನು ಕಡೀಗೆ ಯಾವಾಗ ನೋಡಿದ್ರಿ, ಎಷ್ಟ ಉದ್ದ ಇತ್ತು?" ಅಂತ ಕೇಳ್ರಿ. ಇಸವಿ ಅವರಿಗೆ ನೆನಪಿರಂಗಿಲ್ಲ, 2009ರ ನೆರಿ ಮುಂದೋ ಹಿಂದೋ, ಕೊರೊನಾ ಮುಂದೋ, 2024ರ ಆಗಸ್ಟ್‌ನ್ಯಾಗ ಹೊಸಪ್ಯಾಟಿ ಡ್ಯಾಮಿನ 19ನೇ ಗೇಟ್ ಕಿತ್ತ ಹೋತಲ್ಲ, ಅದರ ಹಿಂದೋ, ಇಲ್ಲಾ ಮಗಳ ಮದಿವಿ ವರ್ಷವೋ ಅಂತ ಕೇಳಿದ್ರ ಥಟ್ ಅಂತ ಹೇಳ್ತಾರ. ಇಪ್ಪತ್ತೈದರ ಹುಡುಗನ್ನೂ ಅದ ಫೋಟೋ ತೋರಿಸಿ ಕೇಳ್ರಿ. ಅಜ್ಜ ಹೆಸರು ಹೇಳಿ, ಹುಡುಗ "ಇದ್ಯಾವ್ದು?" ಅಂದ್ರ, ಆ ಜಾತಿ ಮುಂದ ಒಂದ ಗುರ್ತು ಹಾಕ್ರಿ.

ಗೋಡೆಯ ಕೆಳಗ ನೋಡೋದು ಬ್ಯಾರೆ ಅದಾವ. ಕರೆಂಟ್ ಮಾಡೋ ಡ್ಯಾಮಿಂದ ನೀರು ತಾಸಿಗೊಂದ ಥರ ಬರ್ತೈತಿ, ಸಂಜಿಗೆ ಕರೆಂಟ್ ಬೇಡಿಕಿ ಏರಿದಾಗ ಬಿಡ್ತಾರ, ಆಮ್ಯಾಲ ನಿಲ್ಲಸ್ತಾರ. ಧಾರವಾಡ ಹುಬ್ಬಳ್ಳಿ ಮಂದಿ ಗಣೇಶಗುಡಿಗೆ ರಾಫ್ಟಿಂಗ್‌ಗೆ ಹೋಗ್ತೀರಲ್ಲ, ಸೂಪಾ ಡ್ಯಾಮಿಂದ ನೀರು ಬಿಟ್ರನ ರಾಫ್ಟಿಂಗು, ಇಲ್ಲಾಂದ್ರ ಕಲ್ಲ ನೋಡ್ಕೊಂತ ಕುಂದರಬೇಕು. ನಿಮಗ ಅದು ಒಂದ ದಿನದ ಮಜಾ, ದಂಡಿ ಕಲ್ಲಿನ ಸಂದಿಯೊಳಗ ತತ್ತಿ ಇಟ್ಟ ಮೀನಕ್ಕ ದಿನಾ ಒಣಗೋ ಕೆಲಸ. ಒಂದ ಕೋಲಿಗೆ ಗೀಟು ಹಾಕಿ ದಂಡಿಗೆ ನೆಟ್ಟು ಮುಂಜಾನೆ, ಮಧ್ಯಾಹ್ನ, ಸಂಜಿಗೆ ಫೋಟೋ ಹೊಡೀರಿ. ನೀರು ಇಳದಮ್ಯಾಲ ಗುಂಡಿಯೊಳಗ ಸಿಕ್ಕ ಮರಿ ಎಣಿಸ್ರಿ. ಅಕ್ವೇರಿಯಂ ಅಂಗಡಿಯ ಥರ್ಮಾಮೀಟರ್ ತರ್ರಿ, ಜ್ವರ ನೋಡೋದು ಉಪಯೋಗಿಲ್ಲ. ತಳದ ನೀರು ಬಿಡೋ ಡ್ಯಾಮಿನ ಕೆಳಗ ನೀರು ಕೈಗೆ ಥಣ್ಣಗ ಹತ್ತತೈತಿ, ಕೊಳತ ತತ್ತಿ ವಾಸನಿ ಬಂದ್ರ ಅದರಾಗ ಆಕ್ಸಿಜನ್ ಇಲ್ಲ ಅಂತ ತಿಳ್ಕೋರಿ. ಪವರ್ ಹೌಸ್ ಕೆಳಗ ತೇಲೋ ಮೀನಿನ ಕಣ್ಣು ಹೊರಗ ಬಂದಿದ್ರ, ಹೊಟ್ಟಿ ಉಬ್ಬಿದ್ರ ಅದು ಟರ್ಬೈನ್‌ನ್ಯಾಗ ಒತ್ತಡ ಒಮ್ಮೆಲೆ ಇಳದಿದ್ದರ ಗುರ್ತು ಇರಬಹುದು, ಗಾಳಿಚೀಲ ಒಡದಿರತೈತಿ.

ಇಲ್ಲಿ ಮಾತ್ರ ಹುಷಾರ್ ರೀ. 2014ರ ಜೂನ್‌ನ್ಯಾಗ ಹಿಮಾಚಲದ ಬಿಯಾಸ್ ಹೊಳಿಯೊಳಗ ಡ್ಯಾಮಿನ ನೀರು ಒಮ್ಮೆಲೆ ಬಿಟ್ಟಿದ್ದಕ್ಕ ಫೋಟೋ ಹೊಡ್ಕೊಂತ ನಿಂತಿದ್ದ ಹೈದರಾಬಾದಿನ 24 ಇಂಜಿನಿಯರಿಂಗ್ ಹುಡುಗ್ರು ಹೋಗಿಬಿಟ್ರು. ಸೈರನ್ ಕೇಳಿದ್ರ ಪುಸ್ತಕ ಬಿಟ್ಟ ಓಡ್ರಿ. ದಾಂಡೇಲಿ ಕಡೆ ಆದ್ರ ಮೊಸಳಿನೂ ಅದಾವ.

ಮತ್ತ ಎಲ್ಲಾನೂ ಡ್ಯಾಮಿನ ತಲಿಗೆ ಕಟ್ಟಬ್ಯಾಡ್ರಿ. ಫ್ಯಾಕ್ಟರಿ ನೀರು, ಮರಳು ತಗಿಯೋದು, ಸೊಳ್ಳಿ ಪರದೆ ಬಲಿ, ಮದ್ದು ಹಾಕಿ ಹೊಡಿಯೋದು, ಇವೂ ಅದಾವ. ವರದಾದಾಗೂ ತುಂಗಭದ್ರಾದಾಗೂ ಒಂದ ಜಾತಿ ಒಂದ ಹೊತ್ತಿಗೆ ಇಳದ್ರ ಬ್ಯಾರೆ ಕಾರಣ ಹುಡುಕ್ರಿ, ಬರೇ ತುಂಗಭದ್ರಾದಾಗ ಇಳದ್ರ ಆವಾಗ ಡ್ಯಾಮಿನ ಮ್ಯಾಲ ಅನುಮಾನ ಪಡ್ರಿ. ಡ್ಯಾಮಿಗೆ ದಿನಾ ಎಷ್ಟ ನೀರು ಬಂತು, ಎಷ್ಟ ಬಿಟ್ರು ಅನ್ನೋದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಆನ್‌ಲೈನ್ ಹಾಕ್ತಾರ, ಅದನ್ನ ನಿಮ್ಮ ತಾರೀಖಿನ ಬಾಜೂಕ ಬರ್ಕೋರಿ.

ಮೂರು ವರ್ಷದ ಪಟ್ಟಿ ಆದ್ರ ಒಂದ ಕಾಪಿ ಗ್ರಾಮ ಪಂಚಾಯ್ತಿಯ ಜೀವವೈವಿಧ್ಯ ಸಮಿತಿಗೆ ಕೊಡ್ರಿ, 2002ರ ಕಾಯ್ದೆ ಪ್ರಕಾರ ಅಲ್ಲೊಂದು ದಾಖಲೆ ಪುಸ್ತಕ ಇರಬೇಕು, ಅದರಾಗ ಸೇರಸ್ರಿ ಅಂತ ಅರ್ಜಿ ಜೋಡಿ ಕೊಡ್ರಿ, ಸೀಲ್ ಹಾಕಿಸ್ಕೊಂಡು ಒಂದ ನಿಮ್ಮ ಹತ್ರ ಇಟ್ಕೋರಿ. ಹೊಳಿ ದಂಡಿಯೊಳಗ ಬರಿಯೋದು ಪೆನ್ಸಿಲ್‌ಲೆ ಬರೀರಿ, ಪೆನ್ ಬ್ಯಾಡ. ನಂದು ಒಂದ ವರ್ಷದ ಹೊಸ ನೀರಿನ ಲೆಕ್ಕ ಪೂರಾ ನೀಲಿ ಕಲೆ ಆಗಿ ಹೋಗೈತಿ.